ಸೇನಾ ವಕೀಲರು: ಧಾರಾವಾಹಿ ತೋರಿಸಿದ್ದು, ತೋರಿಸದೆ ಬಿಟ್ಟದ್ದು

ಅಮೆರಿಕದ ಸೇನೆಯಲ್ಲಿ ವಕೀಲನ ಹುದ್ದೆ ಆ ದೇಶದ ಸ್ವಾತಂತ್ರ್ಯ ಘೋಷಣೆಗಿಂತ ಹಳೆಯದು. 1775ರ ಜುಲೈ 29ರಂದು ಬಾಸ್ಟನ್ನಿನ ವಕೀಲ ವಿಲಿಯಂ ಟ್ಯೂಡರ್, ಜಾರ್ಜ್ ವಾಷಿಂಗ್ಟನ್ ಅವರ ಸೇನೆಗೆ ಜಡ್ಜ್ ಅಡ್ವೊಕೇಟ್ (ಸೇನೆಯ ಕಾನೂನು ಅಧಿಕಾರಿ) ಆಗಿ ನೇಮಕಗೊಂಡರು. ಆದರೂ ಸೇನಾ ನ್ಯಾಯ ಬಹುಕಾಲ ಕಮಾಂಡರುಗಳ ಕೈಯಲ್ಲೇ ಉಳಿಯಿತು. ಎರಡನೇ ಮಹಾಯುದ್ಧದ ಕಾಲದ ಕೋರ್ಟ್ ಮಾರ್ಷಲ್‌ಗಳ, ಅಂದರೆ ಸೇನಾ ನ್ಯಾಯಾಲಯಗಳ, ಕಠೋರತೆಯನ್ನು ಕಂಡು ಮರಳಿದ ಸೈನಿಕರ ಅಸಮಾಧಾನ ಸಂಸತ್ತನ್ನು ಮುಟ್ಟಿದ ಮೇಲೆ, 1950ರಲ್ಲಿ ಎಲ್ಲ ಪಡೆಗಳಿಗೂ ಅನ್ವಯಿಸುವ ಏಕರೂಪದ ಸೇನಾ ನ್ಯಾಯ ಸಂಹಿತೆ ಅಂಗೀಕಾರ ಪಡೆಯಿತು. ಆ ಸಂಹಿತೆಯೂ ಮೂಲ ಗಂಟನ್ನು ಬಿಡಿಸಲಿಲ್ಲ: ಯಾರನ್ನು ವಿಚಾರಣೆಗೆ ಒಪ್ಪಿಸಬೇಕು, ತೀರ್ಪು ನೀಡಲು ಯಾರು ಕೂರಬೇಕು ಎಂಬುದನ್ನು ನಿರ್ಧರಿಸುವವನು ಕಮಾಂಡರೇ ಆಗಿದ್ದ; ವಕೀಲ ಅವನಿಗೆ ಸಲಹೆ ಕೊಡಬಹುದಿತ್ತು, ಅಷ್ಟೆ.

ಈ ಲೋಕವನ್ನು ಮನೆಮನೆಗೆ ತಲುಪಿಸಿದ್ದು 1995ರಲ್ಲಿ ಆರಂಭವಾದ ಅಮೆರಿಕದ ಟಿವಿ ಧಾರಾವಾಹಿ 'ಜ್ಯಾಗ್' (ಜಡ್ಜ್ ಅಡ್ವೊಕೇಟ್ ಜನರಲ್ ಎಂಬುದರ ಸಂಕ್ಷಿಪ್ತ ರೂಪ). ಮೊದಲ ಸೀಸನ್ನಿನ ನಂತರ ಎನ್‌ಬಿಸಿ ವಾಹಿನಿ ಅದನ್ನು ಕೈಬಿಟ್ಟಿತು. ಸಿಬಿಎಸ್ ವಾಹಿನಿ ಎತ್ತಿಕೊಂಡು 2005ರವರೆಗೆ ನಡೆಸಿತು. ಸ್ವತಃ ಮರೀನ್ ಪಡೆಯ ಸೈನಿಕರಾಗಿದ್ದ ಡೊನಾಲ್ಡ್ ಬೆಲಿಸಾರಿಯೊ ಕಟ್ಟಿಕೊಟ್ಟ ನಾಯಕ ಹಾರ್ಮನ್ ರಾಬ್, ಇರುಳುಗಣ್ಣಿನ ತೊಂದರೆಯಿಂದ ಯುದ್ಧವಿಮಾನ ಬಿಟ್ಟು ವಕೀಲನಾದ ನೌಕಾಧಿಕಾರಿ. ಅವನೇ ಅಪರಾಧದ ಸ್ಥಳಕ್ಕೆ ಹೋಗಿ ತನಿಖೆ ಮಾಡುತ್ತಾನೆ, ಒಂದು ವಾರ ಸರ್ಕಾರದ ಪರ ವಾದಿಸಿದರೆ ಮತ್ತೊಂದು ವಾರ ಆರೋಪಿಯ ಪರ ನಿಲ್ಲುತ್ತಾನೆ, ನಡುನಡುವೆ ವಿಮಾನವನ್ನೂ ಹಾರಿಸುತ್ತಾನೆ. ವಾಸ್ತವದಲ್ಲಿ ನೌಕಾಪಡೆಯ ಗಂಭೀರ ಅಪರಾಧಗಳ ತನಿಖೆ ನಾಗರಿಕ ಅಧಿಕಾರಿಗಳಿಂದ ಕೂಡಿದ ಬೇರೊಂದು ಸಂಸ್ಥೆಯ ಹೊಣೆ. ಆ ಸಂಸ್ಥೆಯನ್ನೇ ಕುರಿತ 'ಎನ್‌ಸಿಐಎಸ್' 2003ರಲ್ಲಿ ಇದೇ ಧಾರಾವಾಹಿಯಿಂದ ಕವಲೊಡೆಯಿತು.

ಇಂಥ ಸ್ವಾತಂತ್ರ್ಯಗಳನ್ನು ಮನರಂಜನೆಗೆ ಬಿಟ್ಟುಕೊಡಬಹುದು. ಹೆಚ್ಚು ಗಂಭೀರವಾದದ್ದು 2002ರ ಪ್ರಸಂಗ. ಭಯೋತ್ಪಾದನೆಯ ಆರೋಪಿಗಳಿಗೆಂದು ಬುಷ್ ಸರ್ಕಾರ ರೂಪಿಸಿದ್ದ ಮಿಲಿಟರಿ ನ್ಯಾಯಮಂಡಳಿಗಳು ಇನ್ನೂ ಒಂದು ಮೊಕದ್ದಮೆಯನ್ನೂ ನಡೆಸಿರದಿದ್ದಾಗಲೇ ಧಾರಾವಾಹಿ ಅಂಥ ವಿಚಾರಣೆಯೊಂದನ್ನು ಪರದೆಗೆ ತಂದಿತು. ಅದಕ್ಕೆ ಬೇಕಾದ ವಿವರಗಳನ್ನು ರಕ್ಷಣಾ ಇಲಾಖೆಯಾದ ಪೆಂಟಗನ್ನೇ ಒದಗಿಸಿತ್ತೆಂದು ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿತು. ವಿವಾದಕ್ಕೆ ಒಳಗಾಗಿದ್ದ ವ್ಯವಸ್ಥೆಯೊಂದು ಜನರ ಕಣ್ಣಿಗೆ ಮೊದಲು ಬಿದ್ದದ್ದು ಅದನ್ನು ರೂಪಿಸಿದವರ ನೆರವಿನಿಂದ ಸಿದ್ಧವಾದ ಕಥೆಯಾಗಿ ಎಂಬುದು ನನ್ನ ದೃಷ್ಟಿಯಲ್ಲಿ ಸಣ್ಣ ಸಂಗತಿಯಲ್ಲ.

ನಿಜವಾದ ಮೊಕದ್ದಮೆ ಬೇರೆಯೇ ದಾರಿ ಹಿಡಿಯಿತು. ಬಿನ್ ಲಾದೆನ್‌ನ ಚಾಲಕನಾಗಿದ್ದ ಯೆಮೆನ್‌ನ ಸಲೀಂ ಹಮ್ದಾನ್ ಪರವಾಗಿ 2003ರಲ್ಲಿ ನೇಮಕಗೊಂಡ ನೌಕಾಪಡೆಯ ವಕೀಲ ಚಾರ್ಲ್ಸ್ ಸ್ವಿಫ್ಟ್, ಕಕ್ಷಿದಾರನಿಂದ ತಪ್ಪೊಪ್ಪಿಗೆ ಕೊಡಿಸಬೇಕೆಂಬ ನಿರೀಕ್ಷೆಗೆ ಮಣಿಯದೆ ನ್ಯಾಯಮಂಡಳಿಯ ಸಿಂಧುತ್ವವನ್ನೇ ಪ್ರಶ್ನಿಸಿದರು. 2006ರ ಜೂನ್ 29ರಂದು ಸುಪ್ರೀಂ ಕೋರ್ಟ್ 5-3ರ ಬಹುಮತದಿಂದ ಹಮ್ದಾನ್ ವಾದವನ್ನು ಎತ್ತಿಹಿಡಿಯಿತು. ಸ್ವಿಫ್ಟ್‌ಗೆ ಬಡ್ತಿ ದೊರೆಯಲಿಲ್ಲ. ಸೇವಾ ನಿಯಮದಂತೆ ಅವರು ನೌಕಾಪಡೆ ಬಿಡಬೇಕಾಯಿತು. ತಮ್ಮನ್ನು ನೇಮಿಸಿದ ಸರ್ಕಾರದ ವಿರುದ್ಧವೇ ಸಮವಸ್ತ್ರದಲ್ಲಿ ನಿಂತು ವಾದಿಸುವ ಈ ಧೈರ್ಯಕ್ಕೆ ವಿಮಾನ ಹಾರಿಸುವ ಸಾಹಸ ಸಾಟಿಯಾಗದು.

ಕಮಾಂಡರನ ಅಧಿಕಾರದ ಹಳೆಯ ಗಂಟು ಭಾಗಶಃ ಸಡಿಲಗೊಂಡದ್ದು 2023ರ ಡಿಸೆಂಬರ್‌ನಲ್ಲಿ. ಸೇನೆಯೊಳಗಿನ ಲೈಂಗಿಕ ದೌರ್ಜನ್ಯಗಳ ಬಗ್ಗೆ ವರ್ಷಗಟ್ಟಲೆ ನಡೆದ ಹೋರಾಟದ ಫಲವಾಗಿ, ಅತ್ಯಾಚಾರ, ಕೊಲೆಯಂಥ ಪ್ರಕರಣಗಳಲ್ಲಿ ಮೊಕದ್ದಮೆ ಹೂಡುವ ನಿರ್ಧಾರ ಕಮಾಂಡರುಗಳಿಂದ ಸ್ವತಂತ್ರ ಸೇನಾ ವಕೀಲರಿಗೆ ವರ್ಗವಾಯಿತು. ಉಳಿದ ಬಹುಪಾಲು ಅಪರಾಧಗಳಲ್ಲಿ ಅದು ಇಂದಿಗೂ ಕಮಾಂಡರನದೇ.