ಚರ್ಮವಿಲ್ಲದ ಡ್ರಮ್, ಗಂಟಲಿಲ್ಲದ ದನಿ

1982ರಲ್ಲಿ ನ್ಯೂಯಾರ್ಕಿನಿಂದ ಹೊರಬಂದ ‘ಪ್ಲಾನೆಟ್ ರಾಕ್’ ಎಂಬ ಹಾಡಿನ ಲಯವನ್ನು ಹಿಡಿದು ನಡೆಸುವುದು ಡ್ರಮ್ ಬಾರಿಸುವವರಲ್ಲ, ಒಂದು ಪೆಟ್ಟಿಗೆ. ಅಲ್ಲಿ ಕೋಲಿಲ್ಲ, ಬಿಗಿದ ಚರ್ಮವಿಲ್ಲ, ಕಂಚಿನ ತಾಳವೂ ಇಲ್ಲ. ಆದರೂ ಅದನ್ನು ಕೇಳುತ್ತ ಕಾಲು ಸುಮ್ಮನಿರುವುದು ಕಷ್ಟ. ಆಫ್ರಿಕಾ ಬಂಬಾಟಾ ಮತ್ತು ಸೋಲ್‌ಸಾನಿಕ್ ಫೋರ್ಸ್ ತಂಡದ ಈ ಹಾಡಿನ ನಿರ್ಮಾಪಕರು ಆರ್ಥರ್ ಬೇಕರ್. ಕೀಬೋರ್ಡ್ ನುಡಿಸಿದವರು ಜಾನ್ ರೋಬಿ. ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡ 1977ರಲ್ಲಿ ಹೊರತಂದ ‘ಟ್ರಾನ್ಸ್ ಯುರೋಪ್ ಎಕ್ಸ್‌ಪ್ರೆಸ್’ನ ಧಾಟಿಯನ್ನೂ ಅದೇ ತಂಡದ 1981ರ ‘ನಂಬರ್ಸ್’ನ ಲಯವನ್ನೂ ಇವರು ಒಂದೆಡೆ ತಂದು ಕುಣಿಯುವವರ ಮುಂದಿಟ್ಟರು. ಎಲೆಕ್ಟ್ರೋ ಎಂಬ ಸಂಗೀತ ಪ್ರಕಾರ ಜಗತ್ತಿನ ಕಿವಿಗೆ ಬಿದ್ದದ್ದು ಹೀಗೆ.

ಹೊಸದಾಗಿ ಈ ಸಂಗೀತಕ್ಕೆ ಬರುವವರಿಗೆ ಸಾಮಾನ್ಯವಾಗಿ ಕಲಾವಿದರ ಹೆಸರುಗಳ ಉದ್ದದ ಪಟ್ಟಿ ಸಿಗುತ್ತದೆ. ಪಟ್ಟಿ ಬೇಡವೆಂದಲ್ಲ. ಆದರೆ ನನ್ನ ಅನುಭವದಲ್ಲಿ ಎಲೆಕ್ಟ್ರೋದ ಬಾಗಿಲು ತೆರೆಯುವುದು ಇನ್ನೊಂದು ಕಡೆಯಿಂದ. ಅದರಲ್ಲಿ ಕೇಳಿಸುವ ಒಂದೊಂದು ಸದ್ದೂ ಹೇಗೆ ಹುಟ್ಟುತ್ತದೆ ಎಂದು ತಿಳಿದರೆ, ನಲವತ್ತು ವರ್ಷ ಹಳೆಯ ಹಾಡೂ ಈಚಿನ ಹಾಡೂ ಒಂದೇ ಮನೆತನದವು ಎಂಬುದು ಕಿವಿಗೇ ಗೊತ್ತಾಗಿಬಿಡುತ್ತದೆ.

ಆ ಪೆಟ್ಟಿಗೆಯ ಹೆಸರು ಟಿಆರ್-808. ಜಪಾನಿನ ರೋಲ್ಯಾಂಡ್ ಕಂಪನಿ ಇದನ್ನು 1980ರಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಅದೇ ವರ್ಷ ಅಮೆರಿಕದಲ್ಲಿ ಬಂದ ಲಿನ್ ಎಲ್‌ಎಂ-1 ಯಂತ್ರದಲ್ಲಿ ನಿಜವಾದ ಡ್ರಮ್ಮುಗಳ ಧ್ವನಿಮುದ್ರಣವೇ ಚಿಪ್‌ಗಳಲ್ಲಿ ಅಡಗಿತ್ತು; ಬೆಲೆ ಸುಮಾರು 5,000 ಡಾಲರ್. 808ರ ಬೆಲೆ 1,195 ಡಾಲರ್. ಅದರಲ್ಲಿ ಧ್ವನಿಮುದ್ರಣವೇ ಇರಲಿಲ್ಲ. ಪ್ರತಿಯೊಂದು ಸದ್ದನ್ನೂ ಅದು ಬಿಡಿಭಾಗಗಳಿಂದ ಆ ಕ್ಷಣದಲ್ಲೇ ಕಟ್ಟಬೇಕಿತ್ತು. ನಿಜವಾದ ಡ್ರಮ್ಮಿನಂತೆ ಕೇಳಿಸುವುದಿಲ್ಲ ಎಂಬ ದೂರು ಆಗಲೇ ಬಂತು, ಆ ದೂರು ನಿಜವೂ ಆಗಿತ್ತು. ಸುಮಾರು 12,000 ಯಂತ್ರಗಳಷ್ಟೇ ತಯಾರಾದವು. 1983ರಲ್ಲಿ ಕಂಪನಿ ತಯಾರಿಕೆ ನಿಲ್ಲಿಸಿತು. ಬಳಿಕ ಅವು ಕಡಿಮೆ ಬೆಲೆಗೆ ಕೈಬದಲಾಗಿ ಹಣವಿಲ್ಲದ ಯುವ ಸಂಗೀತಗಾರರನ್ನು ತಲುಪಿದವು.

ಅದರ ದೊಡ್ಡ ಡ್ರಮ್ಮಿನ ಸದ್ದನ್ನೇ ಹತ್ತಿರದಿಂದ ನೋಡೋಣ. ಒಂದಿಷ್ಟು ರೆಸಿಸ್ಟರು, ಕೆಪ್ಯಾಸಿಟರುಗಳನ್ನು ಒಂದು ಆಂಪ್ಲಿಫೈಯರಿನ ಸುತ್ತ ಜೋಡಿಸಿದ ಸಣ್ಣ ಸರ್ಕ್ಯೂಟ್ ಅದು. ಅದಕ್ಕೆ ಸುಮಾರು ಒಂದು ಮಿಲಿಸೆಕೆಂಡಿನಷ್ಟು ಚಿಕ್ಕ ವಿದ್ಯುತ್ ಹೊಡೆತ ಬೀಳುತ್ತದೆ. ಉಯ್ಯಾಲೆಯನ್ನು ಒಮ್ಮೆ ತಳ್ಳಿ ಕೈಬಿಟ್ಟರೆ ಅದು ತನ್ನದೇ ಗತಿಯಲ್ಲಿ ತೂಗಿ ಮೆಲ್ಲನೆ ನಿಲ್ಲುವಂತೆ, ಸರ್ಕ್ಯೂಟಿನ ವೋಲ್ಟೇಜು ಸೆಕೆಂಡಿಗೆ ಸುಮಾರು 50 ಸಲ ಏರಿಳಿದು ಕ್ರಮೇಣ ಸೊರಗುತ್ತದೆ. ಆ ಏರಿಳಿತವೇ ಸ್ಪೀಕರಿನಲ್ಲಿ ‘ಧುಮ್ಮ್’ ಎಂದು ಕೇಳಿಸುತ್ತದೆ. ಮೊದಲ ಕೆಲವೇ ಮಿಲಿಸೆಕೆಂಡುಗಳಲ್ಲಿ ಸ್ವರ ಮೇಲಿದ್ದು ಒಡನೆಯೇ ಕೆಳಗಿಳಿಯುವಂತೆ ಮಾಡಿರುವುದರಿಂದ ಆರಂಭಕ್ಕೆ ಗುದ್ದಿನ ಮೊನಚು ಬಂದಿದೆ. ಸದ್ದು ಎಷ್ಟು ಹೊತ್ತು ಉಳಿಯಬೇಕು ಎಂಬುದಕ್ಕೆ ಒಂದು ತಿರುಗುಗುಂಡಿ ಇದೆ. ಅದನ್ನು ಪೂರ್ತಿ ತಿರುಗಿಸಿದರೆ ಡ್ರಮ್ ಡ್ರಮ್ಮಾಗಿ ಉಳಿಯುವುದಿಲ್ಲ, ಉದ್ದಕ್ಕೆ ಮೊರೆಯುವ ಮಂದ್ರಸ್ವರವಾಗುತ್ತದೆ. ಚರ್ಮದ ಯಾವ ವಾದ್ಯವೂ ಇಷ್ಟು ಶುದ್ಧವಾದ ಕೆಳಸ್ವರವನ್ನು ಕೊಡಲಾರದು, ಏಕೆಂದರೆ ಬಿಗಿದ ಸಾದಾ ಚರ್ಮ ಮೂಲ ಸ್ವರದ 1.59, 2.14, 2.30 ಪಟ್ಟಿನ ಒಂದಕ್ಕೊಂದು ಹೊಂದದ ಸ್ವರಗಳನ್ನೂ ಜೊತೆಗೆ ಎಬ್ಬಿಸುತ್ತದೆ.

ತಾಳದ ಸದ್ದಿಗೆ ಬೇರೆಯೇ ಉಪಾಯ. ಲೋಹದ ತಟ್ಟೆಗೆ ಹೊಡೆದಾಗ ಒಂದಕ್ಕೊಂದು ಸರಿಹೊಂದದ ಅಸಂಖ್ಯ ಕಂಪನಗಳು ಒಟ್ಟಿಗೇ ಏಳುತ್ತವೆ. 808ರಲ್ಲಿ ಅದಕ್ಕೆ ಬದಲಾಗಿ ಆರು ಆಂದೋಲಕಗಳನ್ನು (ನಿಲ್ಲದೆ ಏರಿಳಿಯುವ ವಿದ್ಯುತ್ ಸರ್ಕ್ಯೂಟುಗಳನ್ನು) ಬೇಕೆಂದೇ ಹೊಂದದ ಕಂಪನಾಂಕಗಳಿಗೆ ಇಟ್ಟು, ಬೆರೆಸಿ, ಕೆಳಗಿನ ಭಾಗವನ್ನು ಸೋಸಿ ತೆಗೆದಿದ್ದಾರೆ. ಈ ಆರರಲ್ಲಿ ಎರಡು, ಅಂದರೆ ಸುಮಾರು 540 ಮತ್ತು 800 ಹರ್ಟ್ಸಿನವು (ಹರ್ಟ್ಸ್ ಎಂದರೆ ಸೆಕೆಂಡಿಗೆ ಒಂದು ಕಂಪನ), ಸೇರಿದರೆ ಅದರ ಪ್ರಸಿದ್ಧ ‘ಕೌಬೆಲ್’ ಸದ್ದು. ಷಡ್ಜಕ್ಕೂ ಪಂಚಮಕ್ಕೂ ಇರುವ ಅನುಪಾತ ಒಂದೂವರೆ. ಇವೆರಡರ ಅನುಪಾತ 1.48. ಪಂಚಮದ ಹೊಸ್ತಿಲಲ್ಲಿ ನಿಂತು ಒಳಗೆ ಬಾರದ ಆ ಸ್ವರವನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ. ಚಪ್ಪಾಳೆಯ ಸದ್ದಾದರೋ ಬರಿಯ ‘ಶ್ಶ್’ ಎನ್ನುವ ಗದ್ದಲ. ಅದನ್ನು ಬಿಟ್ಟುಬಿಟ್ಟು ಮೂರ್ನಾಲ್ಕು ಸಲ ಚಕಚಕನೆ ತೆರೆದು ಮುಚ್ಚಿದಾಗ ಹಲವು ಕೈಗಳು ಒಟ್ಟಿಗೆ ತಟ್ಟಿದ ಭ್ರಮೆ ಹುಟ್ಟುತ್ತದೆ. ಆ ಗದ್ದಲಕ್ಕೆ ದೋಷವಿದೆಯೆಂದು ಪಕ್ಕಕ್ಕಿಟ್ಟ ಟ್ರಾನ್ಸಿಸ್ಟರುಗಳನ್ನು ಆರಿಸಿಕೊಂಡಿದ್ದರು ಎಂದು ಕಂಪನಿಯ ಸ್ಥಾಪಕ ಇಕುತಾರೊ ಕಾಕೆಹಾಶಿಯವರೇ ಹೇಳಿದ್ದಾರೆ. ಟ್ರಾನ್ಸಿಸ್ಟರ್ ತಯಾರಿಕೆ ಸುಧಾರಿಸಿದಂತೆ ಅಂಥ ದೋಷದ ಬಿಡಿಭಾಗಗಳು ಸಿಗದಾದವು. 808ರ ತಯಾರಿಕೆ ನಿಂತದ್ದಕ್ಕೆ ಅದೂ ಒಂದು ಕಾರಣ.

ಎಲೆಕ್ಟ್ರೋ ನನಗೆ ಇಷ್ಟೊಂದು ಪ್ರಿಯವಾಗಿರುವುದು ಈ ಕಾರಣಕ್ಕೇ. ಅನುಕರಿಸಲು ಹೊರಟ ಯಂತ್ರ ಅನುಕರಣೆಯಲ್ಲಿ ಸೋತಿತು. ಸೋತಲ್ಲೇ ಅದಕ್ಕೆ ಸ್ವಂತ ದನಿ ಸಿಕ್ಕಿತು. ಧ್ವನಿಮುದ್ರಿತ ಡ್ರಮ್ ಎಷ್ಟು ಚೆನ್ನಾಗಿದ್ದರೂ ಅದು ಯಾವುದೋ ಒಂದು ಡ್ರಮ್ಮಿನ ನೆನಪು. 808ರ ಬಡಿತ ಯಾವುದರ ನೆನಪೂ ಅಲ್ಲ, ಆದ್ದರಿಂದ ಅದು ಹಳತಾಗುವುದೂ ಇಲ್ಲ. (ಹಾಗೆಂದು ‘ಪ್ಲಾನೆಟ್ ರಾಕ್’ನಲ್ಲಿ ಧ್ವನಿಮುದ್ರಣದ ತುಣುಕು ಇಲ್ಲವೇ ಇಲ್ಲ ಎನ್ನುವಂತಿಲ್ಲ. ಅಲ್ಲಲ್ಲಿ ಸಿಡಿಯುವ ವಾದ್ಯವೃಂದದ ಅಬ್ಬರ ಆಸ್ಟ್ರೇಲಿಯದ ಫೇರ್‌ಲೈಟ್ ಎಂಬ ಕಂಪ್ಯೂಟರ್ ವಾದ್ಯದಿಂದ ಬಂದದ್ದು. ಸಂಗೀತ ರಚನಕಾರ ಸ್ಟ್ರಾವಿನ್‌ಸ್ಕಿಯ ‘ಫೈರ್‌ಬರ್ಡ್’ನ ಒಂದು ಕ್ಷಣವನ್ನು ಎಂಟು ಬಿಟ್‌ಗಳಿಗೆ ಇಳಿಸಿಟ್ಟ ತುಣುಕು ಅದು.)

ಇನ್ನು ಲಯ. 808ರ ಮುಂಭಾಗದಲ್ಲಿ ಹದಿನಾರು ಗುಂಡಿಗಳ ಸಾಲೊಂದಿದೆ. ನಾಲ್ಕು ಕೆಂಪು, ನಾಲ್ಕು ಕಿತ್ತಳೆ, ನಾಲ್ಕು ಹಳದಿ, ನಾಲ್ಕು ಬಿಳಿ. ಒಂದೊಂದು ಬಣ್ಣವೂ ಒಂದು ಎಣಿಕೆ. ನಿಮಿಷಕ್ಕೆ 125 ಎಣಿಕೆಯ ಕಾಲದಲ್ಲಿ ಒಂದು ಗುಂಡಿಯಿಂದ ಮುಂದಿನದಕ್ಕೆ ಹೋಗಲು 0.12 ಸೆಕೆಂಡು, ಇಡೀ ಆವರ್ತಕ್ಕೆ 1.92 ಸೆಕೆಂಡು. ಹೌಸ್ ಮತ್ತು ಟೆಕ್ನೊ ಎಂಬ ನೃತ್ಯಸಂಗೀತ ಪ್ರಕಾರಗಳಲ್ಲಿ ದೊಡ್ಡ ಡ್ರಮ್ ಸಾಮಾನ್ಯವಾಗಿ 1, 5, 9, 13ನೇ ಗುಂಡಿಗಳಲ್ಲಿ, ಅಂದರೆ ಪ್ರತಿ ಎಣಿಕೆಯಲ್ಲೂ ತಪ್ಪದೆ ಬೀಳುತ್ತದೆ. ಎಲೆಕ್ಟ್ರೋ ಅಲ್ಲಿ ಬೇರೆ ದಾರಿ ಹಿಡಿಯುತ್ತದೆ. ಅದರ ಒಂದು ಸಾಮಾನ್ಯ ನಡೆಯಲ್ಲಿ ದೊಡ್ಡ ಡ್ರಮ್ 1, 7, 11ರಲ್ಲಿ, ಸ್ನೇರ್ ಡ್ರಮ್ 5 ಮತ್ತು 13ರಲ್ಲಿ. ಮೂರನೆಯ ಎಣಿಕೆ ಶುರುವಾಗುವ 9ನೇ ಗುಂಡಿಯನ್ನು ಗಮನಿಸಿ: ಅಲ್ಲಿ ಏನೂ ಇಲ್ಲ. ಅದಕ್ಕೆ ಕಾಲು ಸೆಕೆಂಡಿನಷ್ಟು ಮೊದಲು ಒಂದು ಗುದ್ದು, ಅಷ್ಟೇ ತಡವಾಗಿ ಇನ್ನೊಂದು. ಮೇಜಿನ ಮೇಲೆ ಎರಡೂ ಕೈಗಳಿಂದ ತಟ್ಟಿ ನೋಡಿ. ಆ ಖಾಲಿ ಜಾಗ ಬಂದಾಗ ತಲೆಯೋ ಭುಜವೋ ತಾನಾಗಿ ಅದನ್ನು ತುಂಬಲು ಹೋಗುತ್ತದೆ.

ಇದರ ಮೇಲೆ ಪ್ರಯೋಗಗಳೂ ನಡೆದಿವೆ. ಮಾರಿಯಾ ವಿಟೆಕ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಣಿಕೆಯಿಂದ ಜಾರುವ ಬಡಿತಗಳ ಪ್ರಮಾಣವನ್ನು ಬದಲಿಸುತ್ತ ಕೇಳುಗರಿಗೆ ಡ್ರಮ್ ಲಯಗಳನ್ನು ಕೇಳಿಸಿದರು. ಎಲ್ಲವೂ ಎಣಿಕೆಗೆ ಸರಿಯಾಗಿ ಬಿದ್ದಾಗಲೂ, ವಿಪರೀತ ಜಾರಿದಾಗಲೂ ಕುಣಿಯುವ ಆಸೆ ಕಡಿಮೆ. ಮಧ್ಯಮ ಪ್ರಮಾಣದಲ್ಲಿ ಜಾರಿದಾಗಲೇ ಅದು ಅತಿ ಹೆಚ್ಚು. ಮುಂದಿನ ಬಡಿತ ಯಾವಾಗ ಎಂದು ಮಿದುಳು ಸದಾ ಲೆಕ್ಕ ಹಾಕುತ್ತಿರುತ್ತದೆ. ಲೆಕ್ಕ ತೀರ ಸುಲಭವಾದರೆ ಅದಕ್ಕೆ ಕೆಲಸವಿಲ್ಲ, ತೀರ ಕಷ್ಟವಾದರೆ ಹಿಡಿತವೇ ತಪ್ಪುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆ.

ಎಲೆಕ್ಟ್ರೋ ಹಾಡುಗಳಲ್ಲಿ ಯಂತ್ರಮಾನವನ ಹಾಗೆ ಮಾತಾಡುವ ದನಿಯೊಂದು ಕೇಳಿಸುತ್ತದಲ್ಲ, ಅದರ ಕಥೆಯಂತೂ ಆ ಹಾಡುಗಳಿಗಿಂತ ಬಹಳ ಹಳೆಯದು. ಅದು ವೊಕೋಡರ್ ಎಂಬ ಸಾಧನದ ಕೆಲಸ. ಬೆಲ್ ಪ್ರಯೋಗಾಲಯದ ಹೋಮರ್ ಡಡ್ಲಿ ಅದನ್ನು ರೂಪಿಸಿದ್ದು ಸಂಗೀತಕ್ಕಲ್ಲ, ಟೆಲಿಫೋನಿಗೆ. ಮಾತನ್ನು ಕಂಪನಾಂಕದ ಹಲವು ಪಟ್ಟಿಗಳಾಗಿ ಸೀಳಿ, ಪ್ರತಿ ಪಟ್ಟಿಯಲ್ಲಿ ಕ್ಷಣಕ್ಷಣಕ್ಕೂ ಎಷ್ಟು ಶಕ್ತಿಯಿದೆ ಎಂಬ ಅಳತೆಯನ್ನಷ್ಟೇ ತಂತಿಯಲ್ಲಿ ಕಳಿಸಿದರೆ ಸಾಕು, ಆ ತುದಿಯಲ್ಲಿ ಮಾತನ್ನು ಮತ್ತೆ ಕಟ್ಟಬಹುದು ಎಂಬುದು ಅವರ ವಿಚಾರ. ಎರಡನೆಯ ಮಹಾಯುದ್ಧದಲ್ಲಿ ಇದೇ ತತ್ತ್ವದ ಮೇಲೆ ಸಿಗ್‌ಸ್ಯಾಲಿ ಎಂಬ ಗುಪ್ತ ದೂರವಾಣಿ ವ್ಯವಸ್ಥೆ 1943ರಲ್ಲಿ ವಾಷಿಂಗ್ಟನ್ ಮತ್ತು ಲಂಡನ್ ನಡುವೆ ಶುರುವಾಯಿತು. ಒಂದೊಂದು ಕೇಂದ್ರದ ಉಪಕರಣವೂ 50 ಟನ್ ತೂಗುತ್ತಿತ್ತು. ಮಾತನ್ನು ಮರೆಮಾಡಲು ಅದಕ್ಕೆ ಬೆರೆಸುತ್ತಿದ್ದುದು ಗ್ರಾಮಫೋನ್ ತಟ್ಟೆಯಲ್ಲಿ ಮುದ್ರಿಸಿದ ಬರಿಯ ಗದ್ದಲ! ಸಾಗರದ ಎರಡು ದಡಗಳಲ್ಲಿ ಒಂದೇ ಗದ್ದಲದ ಎರಡು ತಟ್ಟೆಗಳು ಕಿಂಚಿತ್ತೂ ಹಿಂದುಮುಂದಾಗದೆ ತಿರುಗಬೇಕಿತ್ತು. ಬಳಸಿದ ತಟ್ಟೆಗಳನ್ನು ನಾಶ ಮಾಡುತ್ತಿದ್ದರು. ವೊಕೋಡರ್, ಗದ್ದಲ, ಜೋಡಿಯಾಗಿ ತಿರುಗುವ ಎರಡು ತಟ್ಟೆಗಳು: ನಾಲ್ಕು ದಶಕಗಳ ನಂತರ ನ್ಯೂಯಾರ್ಕಿನ ಡಿಜೆಗಳ ಸುತ್ತ ನೆರೆದದ್ದೂ ಇವೇ ಸಾಮಗ್ರಿಗಳು.

ಸಂಗೀತದಲ್ಲಿ ವೊಕೋಡರಿಗೆ ಎರಡು ಒಳದಾರಿಗಳು. ಒಂದರಿಂದ ಹಾಡುವವರ ಮಾತು, ಇನ್ನೊಂದರಿಂದ ವಿದ್ಯುತ್ತಿನಿಂದಲೇ ಸದ್ದು ಹುಟ್ಟಿಸುವ ವಾದ್ಯವಾದ ಸಿಂಥಸೈಜರಿನ ಸ್ವರ. ಮಾತಿನ ಪಟ್ಟಿಗಳ ಏರಿಳಿತವನ್ನು ಸಿಂಥಸೈಜರಿನ ಅದೇ ಪಟ್ಟಿಗಳಿಗೆ ಹೊದಿಸಿದಾಗ ವಾದ್ಯವೇ ಬಾಯಿಬಿಟ್ಟು ನುಡಿಯುತ್ತದೆ. ಇಷ್ಟು ಕಳೆದುಕೊಂಡ ಮೇಲೂ ಪದಗಳು ಅರ್ಥವಾಗುತ್ತವಲ್ಲ, ಅದೇ ಸೋಜಿಗ. ಮೂರು ನಾಲ್ಕು ಪಟ್ಟಿಗಳಷ್ಟೇ ಉಳಿದರೂ ಮಾತು ಬಹುಮಟ್ಟಿಗೆ ತಿಳಿಯುತ್ತದೆ ಎಂದು ರಾಬರ್ಟ್ ಶಾನನ್ ಮತ್ತು ಸಂಗಡಿಗರು 1995ರಲ್ಲಿ ತೋರಿಸಿಕೊಟ್ಟರು. ಕಿವಿ ಕೇಳದವರಿಗೆ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟ್ ಮಾತನ್ನು ನರಕ್ಕೆ ತಲುಪಿಸುವುದೂ ಹೀಗೆ ಪಟ್ಟಿಗಳಾಗಿ ಸೀಳಿಯೇ. ಹಾಡೊಂದರ ಯಂತ್ರದನಿಯನ್ನು ಕೇಳುವಾಗ ಇದು ನೆನಪಿದ್ದರೆ ಆ ದನಿ ನಿರ್ಜೀವವೆಂದು ಅನಿಸುವುದಿಲ್ಲ.

ಮೊದಲ ಅಲೆ ಬಹುಬೇಗ ಹರಡಿತು. ಡೆಟ್ರಾಯಿಟ್‌ನಲ್ಲಿ ಹುವಾನ್ ಆಟ್ಕಿನ್ಸ್ ಮತ್ತು ರಿಕ್ ಡೇವಿಸ್ ಅವರ ಸೈಬೋಟ್ರಾನ್ 1983ರಲ್ಲಿ ‘ಕ್ಲಿಯರ್’ ಹೊರತಂದಿತು. ಜಾಸ್ ದಿಗ್ಗಜ ಹರ್ಬಿ ಹ್ಯಾನ್ಕಾಕ್ ಅದೇ ವರ್ಷ ‘ರಾಕಿಟ್’ ಮೂಲಕ ಈ ಸದ್ದನ್ನು ಮನೆಮನೆಗೆ ಮುಟ್ಟಿಸಿದರು. ಲಾಸ್ ಏಂಜಲೀಸ್‌ನಲ್ಲಿ ಈಜಿಪ್ಷಿಯನ್ ಲವರ್ 1984ರಲ್ಲಿ ತಮ್ಮದೇ ಧಾಟಿ ಕಟ್ಟಿದರು. ಆ ದಶಕ ಮುಗಿಯುವ ಹೊತ್ತಿಗೆ ಅಲೆ ಇಳಿದಿತ್ತು.

ಅದಕ್ಕೆ ಮತ್ತೆ ಆಳ ಕೊಟ್ಟವರು ಡೆಟ್ರಾಯಿಟ್‌ನ ಜೇಮ್ಸ್ ಸ್ಟಿನ್ಸನ್ ಮತ್ತು ಜೆರಾಲ್ಡ್ ಡೊನಾಲ್ಡ್. ಡ್ರೆಕ್ಸಿಯಾ ಎಂಬ ಹೆಸರಿನಲ್ಲಿ, ಮುಖ ತೋರಿಸದೆ, 1992ರಿಂದ ಹತ್ತು ವರ್ಷ ಅವರು ಹಾಡು ಬಿಡುಗಡೆ ಮಾಡಿದರು. ಆಫ್ರಿಕಾದಿಂದ ಗುಲಾಮರನ್ನು ಸಾಗಿಸುತ್ತಿದ್ದ ಹಡಗುಗಳಿಂದ ಗರ್ಭಿಣಿಯರನ್ನು ಕಡಲಿಗೆ ಎಸೆದರು. ಅವರ ಹೊಟ್ಟೆಯಲ್ಲಿದ್ದ ಮಕ್ಕಳು ನೀರೊಳಗೇ ಉಸಿರಾಡಲು ಕಲಿತು ಸಮುದ್ರದ ತಳದಲ್ಲಿ ಒಂದು ನಾಡು ಕಟ್ಟಿದರು. ಇದು ಅವರು 1997ರಲ್ಲಿ ತಮ್ಮ ಸಂಗೀತಕ್ಕೆ ಕೊಟ್ಟ ಪುರಾಣ. ಇದನ್ನು ತಿಳಿದು ಕೇಳಿದರೆ ಗುಳುಗುಳು ಎನ್ನುವ ಆ ಸಿಂಥಸೈಜರ್ ಸ್ವರಗಳ ಹಿಂದಿನ ನೋವೂ ಛಲವೂ ಮೈಗೆ ತಾಕುತ್ತವೆ. ಸ್ಟಿನ್ಸನ್ 2002ರಲ್ಲಿ ತೀರಿಕೊಂಡರು. ಎಲೆಕ್ಟ್ರೋದಲ್ಲಿ ಒಬ್ಬರನ್ನೇ ಕೇಳುವುದಾದರೆ ಯಾರನ್ನು ಎಂದು ಕೇಳಿದರೆ ನನ್ನ ಉತ್ತರ ಡ್ರೆಕ್ಸಿಯಾ, ಅದರಲ್ಲೂ 1999ರ ‘ನೆಪ್ಚೂನ್ಸ್ ಲೇರ್’ ಆಲ್ಬಮ್.

ಅಲ್ಲಿಂದ ಈಚೆಗೆ ಬಂದರೆ ಜರ್ಮನಿಯ ಆಂಥನಿ ರೋಥರ್, ಡೆಟ್ರಾಯಿಟ್‌ನ ಡಿಜೆ ಸ್ಟಿಂಗ್‌ರೇ, ಹ್ಯಾಂಬರ್ಗ್‌ನ ಹೆಲೆನಾ ಹಾಫ್ ಸಿಗುತ್ತಾರೆ. ಹಾಫ್ ಅವರ 2018ರ ‘ಕ್ವಾಲ್ಮ್’ ಕೇಳುವಾಗ ಬಡಿತ ಒರಟೊರಟಾಗಿ ಹರಿದಂತಿರುವುದು ಗೊತ್ತಾಗುತ್ತದೆ. ಸದ್ದನ್ನು ಅದು ತಾಳುವ ಮಿತಿಗಿಂತ ಜೋರಾಗಿ ಒತ್ತಿದಾಗ ತರಂಗದ ನೆತ್ತಿ ಚಪ್ಪಟೆಯಾಗಿ, 50 ಹರ್ಟ್ಸಿನ ಜೊತೆಗೆ 100, 150, 200 ಹರ್ಟ್ಸಿನ ಸ್ವರಗಳೂ ಹುಟ್ಟಿಕೊಳ್ಳುತ್ತವೆ. ಡಿಸ್ಟಾರ್ಷನ್ ಎನ್ನುವುದು ಇದನ್ನೇ. ಮೊಬೈಲಿನ ಪುಟ್ಟ ಸ್ಪೀಕರ್ 50 ಹರ್ಟ್ಸನ್ನು ನುಡಿಸಲಾರದು. ಆದರೆ ಈ ಮೇಲಿನ ಸ್ವರಗಳು ಕೇಳಿಸಿದರೆ ಇಲ್ಲದ ಮೂಲಸ್ವರವನ್ನು ಮಿದುಳೇ ಊಹಿಸಿ ಸೇರಿಸಿಕೊಳ್ಳುತ್ತದೆ. 808ರ ಶುದ್ಧ ಬಡಿತದಲ್ಲಿ ಮೇಲಿನ ಸ್ವರಗಳು ಅಲ್ಪ. ಹಾಗಾಗಿ ಮೊಬೈಲಿನಲ್ಲಿ ಹಳೆಯ ಎಲೆಕ್ಟ್ರೋ ಕೇಳಿ ‘ಇದರಲ್ಲೇನಿದೆ’ ಎಂದು ಕೈಬಿಟ್ಟವರು ಅದರ ಅರ್ಧವನ್ನು ಕೇಳಿಯೇ ಇಲ್ಲ.

ದೊಡ್ಡ ಸ್ಪೀಕರಿದ್ದರೂ ಕೋಣೆಯ ಗಾತ್ರ ಆಟವಾಡಿಸುತ್ತದೆ. 50 ಹರ್ಟ್ಸಿನ ತರಂಗ ಗಾಳಿಯಲ್ಲಿ ಸುಮಾರು 6.9 ಮೀಟರ್ ಉದ್ದ. ಕೋಣೆ ಅದರ ಅರ್ಧದಷ್ಟು, ಅಂದರೆ ಮೂರೂವರೆ ಮೀಟರಿನ ಆಸುಪಾಸು ಇದ್ದರೆ ನಟ್ಟನಡುವೆ ಆ ಸ್ವರ ಸೊರಗಿ ಗೋಡೆಯ ಪಕ್ಕದಲ್ಲಿ ಉಬ್ಬುತ್ತದೆ. ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಸರಿಸಿ ಕೇಳಿ. ಒಳ್ಳೆಯ ಹೆಡ್‌ಫೋನ್ ಇದ್ದರೆ ಈ ತೊಂದರೆಯಿಲ್ಲ, ಆದರೆ ಅದರಲ್ಲಿ ಎದೆಗೆ ಬಡಿಯುವ ಗಾಳಿ ಇರುವುದಿಲ್ಲ. ಅದು ಸಣ್ಣ ನಷ್ಟವಲ್ಲ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಎಲೆಕ್ಟ್ರಾನಿಕ್ ಸಂಗೀತ ಕಛೇರಿ ನಡೆಯುತ್ತಿದ್ದಾಗ 8ರಿಂದ 37 ಹರ್ಟ್ಸಿನ ಅತಿ ಕೆಳಗಿನ ಸದ್ದು ಹೊಮ್ಮಿಸುವ ಸ್ಪೀಕರುಗಳನ್ನು ಆಗಾಗ ಹಚ್ಚಿ ಆರಿಸಿದರು. ಅದು ಯಾವಾಗ ಹಚ್ಚಿತ್ತು ಎಂಬುದು ಕುಣಿಯುತ್ತಿದ್ದವರಿಗೆ ತಿಳಿಯುತ್ತಿರಲಿಲ್ಲ. ಆದರೂ ಆ ಹೊತ್ತಿನಲ್ಲಿ ಅವರ ಚಲನೆ ಸರಾಸರಿ ಶೇ 11.8ರಷ್ಟು ಹೆಚ್ಚಿತ್ತು. ಆದ್ದರಿಂದ ‘ಕ್ಲಿಯರ್’, ‘ನೆಪ್ಚೂನ್ಸ್ ಲೇರ್’, ‘ಕ್ವಾಲ್ಮ್’ ಈ ಮೂರನ್ನು ಇದೇ ಕ್ರಮದಲ್ಲಿ ಮೊದಲು ಹೆಡ್‌ಫೋನಿನಲ್ಲಿ ಪದರ ಪದರವಾಗಿ ಕೇಳಿ, ಬಳಿಕ ಅವಕಾಶ ಸಿಕ್ಕಾಗ ದೊಡ್ಡ ಸ್ಪೀಕರುಗಳ ಎದುರು ನಿಂತೇ ಕೇಳಿ.