ಕಾರ್ಡ್ ಉಜ್ಜಿದ್ದು ಇಳಕಲ್‌ನಲ್ಲಿ, ನಂಬರ್ ಹೋಗಿದ್ದು ಎಲ್ಲಿಗೆ?

ಇಳಕಲ್‌ನಲ್ಲಿ ಸೀರೆ ಕೊಂಡು ಬಂದ ಎರಡು ವಾರಕ್ಕೆ ನಮ್ಮ ವೈನಿಯ ಮೊಬೈಲಿಗೆ ಮೆಸೇಜ್ ಬಂತು. ಯಾವುದೋ ವಿದೇಶಿ ಸೈಟಿನಲ್ಲಿ ಅವರ ಕಾರ್ಡಿನಿಂದ 8,400 ರೂಪಾಯಿ ಖರ್ಚಾಗಿತ್ತು. ಮನೆಯವರೆಲ್ಲ ಅವರ ಮೇಲೇ ಬಿದ್ದರು: 'ನೀವೇ ಯಾರಿಗೋ ಒಟಿಪಿ ಹೇಳಿರಬೇಕು.' ಕೆಲವರು ಸೀರೆ ಅಂಗಡಿಯವನನ್ನು ಬೈದರು. ನನಗೆ ಸಿಟ್ಟು ಬಂದಿದ್ದು ಇಲ್ಲೇ. ವಿದೇಶಿ ಸೈಟುಗಳು ಎಷ್ಟೋ ಸಲ ಒಟಿಪಿ ಕೇಳುವುದೇ ಇಲ್ಲ. ಇನ್ನು ಕಾರ್ಡ್ ನಂಬರ್ ಸೋರುವುದಕ್ಕೆ ನಾವು ಹೆಸರೇ ಕೇಳದ ಜಾಗಗಳಿವೆ.

ಕಾರ್ಡ್ ಉಜ್ಜಿ ಚೀಟಿ ಹೊರಬರುವ ಎರಡು-ಮೂರು ಸೆಕೆಂಡಿನಲ್ಲಿ ನಂಬರ್ ಅಂಗಡಿಯ ಬ್ಯಾಂಕಿಗೆ, ವೀಸಾ ಅಥವಾ ರುಪೇ ಜಾಲಕ್ಕೆ, ಅಲ್ಲಿಂದ ನಮ್ಮ ಬ್ಯಾಂಕಿಗೆ ಹೋಗಿ ಬರುತ್ತದೆ. ಬಹಳಷ್ಟು ಬ್ಯಾಂಕುಗಳು ಈ ಸಾಗಾಟವನ್ನು ಬೇರೆ ಕಂಪನಿಗೆ ವಹಿಸಿರುತ್ತವೆ. ಅದೇ ಪ್ರೊಸೆಸರ್.

ಅಮೆರಿಕದ ಹಾರ್ಟ್‌ಲ್ಯಾಂಡ್ ಅಂಥದ್ದೊಂದು ಕಂಪನಿ. ಅಲ್ಲಿಂದ ಸುಮಾರು 13 ಕೋಟಿ ಕಾರ್ಡುಗಳ ಮಾಹಿತಿ ಕಳುವಾದದ್ದು 2009ರ ಜನವರಿಯಲ್ಲಿ ಹೊರಬಂತು. ಭದ್ರತಾ ತಪಾಸಣೆಯಲ್ಲಿ ಪಾಸಾಗಿದ್ದ ಕಂಪನಿ ಅದು! ಕಳ್ಳರು ಕೈ ಹಾಕಿದ್ದು ನಂಬರ್ ಕೂಡಿಟ್ಟ ಉಗ್ರಾಣಕ್ಕಲ್ಲ, ಅವು ಸಾಗುವ ದಾರಿಗೆ. ಆಲಮಟ್ಟಿ ಡ್ಯಾಮಿಗೆ ಕಾವಲಿದೆ, ಆದರೆ ರಾತ್ರಿ ಕಾಲುವೆಗೆ ಯಾರೋ ಪಂಪ್‌ಸೆಟ್ ಇಟ್ಟರೆ? ಹಾಗೆ. ಒಂದು ವ್ಯತ್ಯಾಸವಿದೆ. ನೀರು ಕದ್ದರೆ ಕೊನೆಯ ಹೊಲದವನಿಗೆ ಕಡಿಮೆಯಾಗುತ್ತದೆ, ಅವನು ಕೂಗಾಡುತ್ತಾನೆ. ನಂಬರ್ ಕದ್ದರೆ ಯಾರಿಗೂ ಏನೂ ಕಡಿಮೆಯಾಗುವುದಿಲ್ಲ. ನಕಲು ಹೋಗುತ್ತದೆ, ಅಸಲು ತನ್ನ ಪಾಡಿಗೆ ಹರಿಯುತ್ತಿರುತ್ತದೆ. ಅದಕ್ಕೇ ತಿಂಗಳುಗಟ್ಟಲೆ ಗೊತ್ತಾಗಲಿಲ್ಲ. ನಮ್ಮಲ್ಲೂ 2016ರಲ್ಲಿ ಸುಮಾರು 32 ಲಕ್ಷ ಡೆಬಿಟ್ ಕಾರ್ಡುಗಳು ಅಪಾಯಕ್ಕೆ ಸಿಕ್ಕಿದ್ದವು. ತನ್ನ ವ್ಯವಸ್ಥೆಯಲ್ಲೇ ಮಾಲ್‌ವೇರ್, ಅಂದರೆ ಕಳ್ಳ ಸಾಫ್ಟ್‌ವೇರ್, ಹೊಕ್ಕಿತ್ತು ಎಂದು ಎಟಿಎಂ ಸೇವೆ ಕೊಡುವ ಹಿಟಾಚಿ ಪೇಮೆಂಟ್ ಸರ್ವಿಸಸ್ ಮರುವರ್ಷ ಒಪ್ಪಿಕೊಂಡಿತು.

ಹಾಗಾದರೆ ಹೊಣೆ ಯಾರದು? ತಿಕೋಟಾದ ರೈತ ಒಣದ್ರಾಕ್ಷಿಯನ್ನು ವ್ಯಾಪಾರಿಗೆ ಕೊಟ್ಟ. ವ್ಯಾಪಾರಿ ಅದನ್ನು ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟ. ಮಾಲು ಅಲ್ಲಿ ಕೆಟ್ಟಿತು. ರೈತ ಕೋಲ್ಡ್ ಸ್ಟೋರೇಜಿನ ಬಾಗಿಲು ಬಡಿಯುತ್ತಾನಾ? ಇಲ್ಲ, ತಾನು ಮಾಲು ಕೊಟ್ಟ ವ್ಯಾಪಾರಿಯ ಹತ್ತಿರವೇ ಹೋಗುತ್ತಾನೆ, ಅಲ್ವಾ? ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ತಪ್ಪು ಗ್ರಾಹಕನದೂ ಅಲ್ಲ, ಬ್ಯಾಂಕಿನದೂ ಅಲ್ಲ, ನಡುವೆ ಎಲ್ಲೋ ಆಗಿದೆ ಅಂದರೆ, ಮೆಸೇಜ್ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದ ಗ್ರಾಹಕನಿಗೆ ಒಂದು ಪೈಸೆಯ ಹೊರೆಯೂ ಇಲ್ಲ. ತಿಳಿಸಿದ 10 ಕೆಲಸದ ದಿನದೊಳಗೆ ಬ್ಯಾಂಕ್ ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಹಾಕಬೇಕು. ತಪ್ಪು ಗ್ರಾಹಕನದೇ ಎಂದು ಸಾಬೀತು ಮಾಡುವ ಭಾರವೂ ಬ್ಯಾಂಕಿನದೇ.

ವೈನಿಯ ಬ್ಯಾಂಕಿನವರು ಮೊದಲು 'ನಮ್ಮ ಕಡೆಯಿಂದ ಸೋರಿಲ್ಲ' ಎಂದರು. ಇರಬಹುದು. ಆದರೆ ಅಲ್ಲಿಗೆ ಮಾತು ಮುಗಿಯುವುದಿಲ್ಲ. ವೈನಿ ಅದೇ ದಿನ ಹೆಲ್ಪ್‌ಲೈನಿಗೆ ಫೋನ್ ಮಾಡಿ ಕಾರ್ಡ್ ಬಂದ್ ಮಾಡಿಸಿ, ದೂರಿನ ನಂಬರನ್ನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಂಡಿದ್ದರು. ಮರುದಿನ ಕೊಟ್ಟ ಅರ್ಜಿಯ ನಕಲಿನ ಮೇಲೆ ತಾರೀಖು ಸಮೇತ ಸೀಲು ಬೀಳುವವರೆಗೆ ಅವರು ಕೌಂಟರ್ ಬಿಟ್ಟು ಕದಲಲಿಲ್ಲ.