ಪದ ಪರಿಚಯ: ಪಿನ್‌ಬಾಲ್ ಯಂತ್ರದ ಬ್ಯಾಕಪ್ ಬ್ಯಾಟರಿ

ಪಿನ್‌ಬಾಲ್ ಎಂದರೆ ಇಳಿಜಾರು ಹಲಗೆಯ ಮೇಲೆ ಉಕ್ಕಿನ ಗುಂಡನ್ನು ಹೊಡೆದು ಅಂಕ ಗಳಿಸುವ ಆಟ. ಅದರ ಬ್ಯಾಕಪ್ ಬ್ಯಾಟರಿಯ ಹೆಸರು ಕೇಳಿ, ಕರೆಂಟ್ ಹೋದಾಗ ಆಟ ಮುಂದುವರಿಸುವ ಬ್ಯಾಟರಿ ಎಂದುಕೊಳ್ಳಬೇಡಿ. ಯಂತ್ರ ಆಫ್ ಇದ್ದಾಗ ಬೋರ್ಡಿನ ಸಣ್ಣ ರ‍್ಯಾಮ್ ಚಿಪ್ಪಿನ ನೆನಪು ಅಳಿಯದಂತೆ ಕಾಯುವುದಷ್ಟೇ ಇದರ ಕೆಲಸ. ಹೈಸ್ಕೋರು, ಆಡಿದ ಆಟಗಳ ಲೆಕ್ಕ, ಹಲವು ಯಂತ್ರಗಳಲ್ಲಿ ಸೆಟ್ಟಿಂಗುಗಳೂ ಅಲ್ಲಿರುತ್ತವೆ. ಬ್ಯಾಟರಿ ತೆಗೆದರೂ ಬಹುತೇಕ ಯಂತ್ರಗಳು ಆಡುತ್ತವೆ. ಬ್ಯಾಟರಿ ಇಲ್ಲದ್ದರಿಂದ ಬೋರ್ಡ್ ಸಾಯುವುದಿಲ್ಲ, ಸೋರುವ ಬ್ಯಾಟರಿಯಿಂದ ಸಾಯುತ್ತದೆ. ಹಾಗಾಗಿ ಹಳೆ ಯಂತ್ರ ಕೈಗೆ ಬಂದ ಕೂಡಲೇ ಮೊದಲು ನೋಡಬೇಕಾದದ್ದು ಇದನ್ನೇ.

1970ರ ದಶಕದ ಕೊನೆಯ ಬಾಲಿ, ಸ್ಟರ್ನ್ ಕಂಪನಿಗಳ ಬೋರ್ಡುಗಳಲ್ಲಿ 3.6 ವೋಲ್ಟಿನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ನೇರವಾಗಿ ಬೆಸೆದಿರುತ್ತಾರೆ; ಯಂತ್ರ ಆನ್ ಇದ್ದಾಗ ಅದು ಚಾರ್ಜ್ ಆಗುತ್ತದೆ. ವಿಲಿಯಮ್ಸ್ ಕಂಪನಿಯ ಬೋರ್ಡುಗಳಲ್ಲಿ ಮೂರು ಎಎ ಸೆಲ್, ಅಂದರೆ 4.5 ವೋಲ್ಟ್.

ಎರಡೂ ಬಗೆಯವು ಸೋರಿದಾಗ ಹೊರಬರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ. ಅದು ತಾಮ್ರಕ್ಕೆ ನೀಲಿ-ಹಸಿರು ಕಿಲುಬು ಹಿಡಿಸಿ, ಬೋರ್ಡಿನ ಹಸಿರು ಲೇಪನದ ಅಡಿಯಲ್ಲೇ ಹರಡಿ, ಚಿಪ್ಪುಗಳನ್ನು ಕೂರಿಸುವ ಐಸಿ ಸಾಕೆಟ್ಟುಗಳನ್ನು ತಿನ್ನುತ್ತದೆ. ಬಾಲಿ ಬೋರ್ಡಿನಲ್ಲಿ ಆನ್ ಮಾಡಿದಾಗ ಪ್ರೊಸೆಸರನ್ನು ಶುರುಮಾಡಿಸುವ ರಿಸೆಟ್ ಭಾಗ ಬ್ಯಾಟರಿಗೆ ಹತ್ತಿರವಿರುವುದರಿಂದ ಯಂತ್ರ ಬೂಟ್ ಆಗುವುದೇ ನಿಲ್ಲುತ್ತದೆ.

ಸೋರಿಕೆ ಕಂಡರೆ ಪ್ಲಗ್ ಕಿತ್ತು, ಬೋರ್ಡನ್ನು ಹೊರತೆಗೆದು, ಬ್ಯಾಟರಿ ಬಿಚ್ಚಿ. ಕ್ಷಾರಕ್ಕೆ ಆಮ್ಲವೇ ಮದ್ದು: ಬಿಳಿ ವಿನೆಗರ್, ನೀರು ಸಮಪಾಲು ಬೆರೆಸಿ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ನೀರಲ್ಲಿ ತೊಳೆದು, ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಪೂರ್ತಿ ಒಣಗಿಸಿ. ಕಿಲುಬಿನ ಮೇಲೆ ಬೆಸುಗೆ ಕೂರದು. ತಾಮ್ರ ಹೊಳೆಯುವವರೆಗೆ ಉಪ್ಪುಕಾಗದದಿಂದ ತಿಕ್ಕಬೇಕು. ಕಪ್ಪಾದ ಸಾಕೆಟ್ಟನ್ನು ಉಳಿಸಿಕೊಳ್ಳಲು ಹೋಗಬೇಡಿ, ಬದಲಿಸಿ.

ನಿಕಲ್-ಕ್ಯಾಡ್ಮಿಯಂ ಇದ್ದ ಜಾಗಕ್ಕೆ ಎಎ ಸೆಲ್ಲುಗಳನ್ನೋ ಸಿಆರ್2032 ಲಿಥಿಯಂ ಸೆಲ್ಲನ್ನೋ ಹಾಕುವವರು ಎಡವುವುದು ಒಂದೇ ಕಡೆ. ಬೋರ್ಡಿನ ಚಾರ್ಜಿಂಗ್ ಸರ್ಕ್ಯೂಟ್ ಈಗಲೂ ಜೀವಂತವಾಗಿರುತ್ತದೆ! ಚಾರ್ಜ್ ಆಗಬಾರದ ಸೆಲ್ಲಿಗೆ ಅದು ವಿದ್ಯುತ್ ತುಂಬಿದರೆ ಎಎ ಸೋರುತ್ತದೆ, ಲಿಥಿಯಂ ಸಿಡಿಯಲೂಬಹುದು. ಧನ ತಂತಿಯಲ್ಲಿ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ 1ಎನ್4001 ಡಯೋಡನ್ನು, ಪಟ್ಟಿಯಿರುವ ತುದಿ ಬೋರ್ಡಿನ ಕಡೆಗೆ ಬರುವಂತೆ ಸೇರಿಸಲೇಬೇಕು. ಡಯೋಡ್ ಸುಮಾರು 0.6 ವೋಲ್ಟ್ ತಿಂದರೂ ಮೂರು ಎಎಗಳಿಂದ 3.9 ಉಳಿಯುತ್ತದೆ, ಈ ಬೋರ್ಡುಗಳ 5101 ಎಂಬ ರ‍್ಯಾಮಿನ ನೆನಪಿಗೆ 2 ವೋಲ್ಟ್ ಸಾಕು. ಸೆಲ್ ಹೋಲ್ಡರನ್ನು ಉದ್ದ ತಂತಿಯಲ್ಲಿ ಬೋರ್ಡಿಗಿಂತ ಕೆಳಗೆ ಕೂರಿಸಿ, ವರ್ಷಕ್ಕೊಮ್ಮೆ ಸೆಲ್ ಬದಲಿಸಿ.

1 ಫ್ಯಾರಡ್, 5.5 ವೋಲ್ಟಿನ ಮೆಮೊರಿ ಕೆಪ್ಯಾಸಿಟರ್ (ವಿದ್ಯುತ್ತನ್ನು ಸ್ವಲ್ಪ ಕಾಲ ಹಿಡಿದಿಡುವ ಬಿಡಿಭಾಗ) ಇನ್ನೊಂದು ದಾರಿ. ಅದು ಚಾರ್ಜ್ ಆಗಲೇಬೇಕಾದ್ದರಿಂದ ಡಯೋಡ್ ಬೇಡ. ಆದರೆ ಯಂತ್ರವನ್ನು ಆಗಾಗ ಆನ್ ಮಾಡುತ್ತಿರಬೇಕು. ವಿಲಿಯಮ್ಸ್‌ನ ಎಎ ಬೋರ್ಡಿಗೆ ಇದು ಒಗ್ಗದು, ಅಲ್ಲಿ ಮೊದಲೇ ಇರುವ ಡಯೋಡ್ ಚಾರ್ಜನ್ನು ತಡೆಯುತ್ತದೆ.

ಎಲ್ಲಕ್ಕಿಂತ ನೆಮ್ಮದಿಯ ದಾರಿ, ವಿದ್ಯುತ್ ಇಲ್ಲದಿದ್ದರೂ ನೆನಪು ಉಳಿಸಿಕೊಳ್ಳುವ ಚಿಪ್ಪಾದ ಎನ್‌ವಿರ‍್ಯಾಮ್. ರ‍್ಯಾಮ್ ತೆಗೆದು, ಸಾಕೆಟ್ ಇಲ್ಲದಿದ್ದರೆ ಒಂದನ್ನು ಬೆಸೆದು, ಇದನ್ನು ಕೂರಿಸಿದರೆ ಬ್ಯಾಟರಿಯೇ ಬೇಡ. 1990ರ ದಶಕದ ವಿಲಿಯಮ್ಸ್ ಯಂತ್ರಗಳ ಗಡಿಯಾರ ಮಾತ್ರ ಆಫ್ ಆದಾಗಲೆಲ್ಲ ಸಮಯ ಮರೆಯುತ್ತದೆ.